ಜಿನ್ನವ್ವ ಸೋಸಿಕೊಟ್ಟದ್ದು

ಜಿನ್ನವ್ವನ ಮನೆಯಲ್ಲಿ ಸೋಸದ ನೀರು ಕುಡಿದ ಜೀವ ಇಲ್ಲ. ಎಮ್ಮೆಗೂ ಸೋಸಿಯೇ ಇಡುತ್ತಾಳೆ ಎಂದು ಮೂಡಲಗಿಯ ಆ ಓಣಿಯವರು ನಗುತ್ತಾರೆ, ಅದು ಸುಳ್ಳೂ ಅಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಹುಕ್ಕೇರಿಯಿಂದ ಸೊಸೆಯಾಗಿ ಬಂದಾಗ ತವರಿನವರು ಕೊಟ್ಟ ಟ್ರಂಕಿನಲ್ಲಿ ಎರಡು ಇಳಕಲ್ ಸೀರೆಗಳ ಕೆಳಗೆ ಒಂಬತ್ತು ಸೋಸುವ ಅರಿವಿಗಳಿದ್ದವು. ದಪ್ಪ ನೂಲಿನ ಬಿಳಿ ಬಟ್ಟೆಯ ಚೌಕಗಳು. ಸೀರೆಗಳು ಯಾವಾಗಲೋ ಹರಿದು ಕೌದಿಯಾದವು. ಅರಿವಿಗಳ ವಂಶ ಮಾತ್ರ ನಿಂತಿಲ್ಲ. ಒಂದು ಸವೆಯುವ ಮುಂಚೆ ಇನ್ನೊಂದನ್ನು ಅವಳೇ ಹೊಲಿದು ಇಡುತ್ತಾಳೆ.

ಜೈನರ ಮನೆಯಲ್ಲಿ ನೀರು ಸೋಸುವುದು ಹೊಸತೇನಲ್ಲ. ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದ ಜೀವಗಳಿರುತ್ತವೆ, ಅವು ನಮ್ಮ ಗಂಟಲಿಗಿಳಿದು ಸಾಯಬಾರದು. ಅದಕ್ಕೆ ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಬೇಕು, ಬಟ್ಟೆಯ ಮೇಲೆ ನಿಂತದ್ದನ್ನು ಜಾಲಿಸಿ, ನೀರು ಎಲ್ಲಿಂದ ಬಂತೋ ಅಲ್ಲಿಗೇ ಮರಳಿ ಬಿಡಬೇಕು. ಈ ಕೊನೆಯ ಮಾತನ್ನು ಈಗ ಹೆಚ್ಚಿನವರು ಮರೆತಿದ್ದಾರೆ. ಬಟ್ಟೆಯನ್ನು ಬಚ್ಚಲಿಗೆ ಕೊಡವಿ ಸುಮ್ಮನಾಗುತ್ತಾರೆ. ಜಿನ್ನವ್ವ ಮರೆಯಲಿಲ್ಲ. ಅರಿವಿಯ ಮೇಲೆ ಕಂಡ ಹುಳಗಳನ್ನು ಎಣಿಸಿಯೇ ಬಿಡುತ್ತಾಳೆ. ಬಾವಿಯ ನೀರು ಬಾವಿಗೆ. ಅದೂ ಮೇಲಿಂದ ಚೆಲ್ಲುವ ಹಾಗಿಲ್ಲ, ಸಣ್ಣ ತಂಬಿಗೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ಮೆಲ್ಲಗೆ ಬಗ್ಗಿಸಬೇಕು.

ಓಣಿಗೆ ನಳ ಬಂದಾಗ ಅವಳಿಗೆ ದೊಡ್ಡ ಪೇಚಾಟವಾಯಿತು. ನಳದ ನೀರು ಎಲ್ಲಿಂದ ಬಂತು? ಟಾಕಿಯಿಂದ. ಟಾಕಿಗೆ ಎಲ್ಲಿಂದ? ಹೊಳೆಯಿಂದ. ಹಾಗಾದರೆ ಅರಿವಿ ಜಾಲಿಸಲು ದಿನಾ ಹೊಳೆಗೆ ಹೋಗುವುದೇ? ಮಗ ಕುಂಥುನಾಥ ಹೊಲದ ಕಾಲುವೆಗೆ ಬಿಟ್ಟುಬಂದರೆ ಸಾಕೆಂದು ಪಂಚಾಯಿತಿ ಮಾಡಿ ಮುಗಿಸಿದ. ಆಮೇಲೆ ಗೋಡೆಗೆ ಫಿಲ್ಟರ್ ಮಷೀನು ಬಂತು. ಅದನ್ನು ಕೂಡಿಸಿದ ಉಮೇಶ ಕೆಲಸ ಮುಗಿಸಿ ಒಂದು ಲೋಟ ನೀರು ಹಿಡಿದುಕೊಟ್ಟರೆ, ಜಿನ್ನವ್ವ ಅವನ ಕಣ್ಣೆದುರೇ ಅದನ್ನು ಅರಿವಿಯ ಮೇಲೆ ಸುರಿದಳು. ಉಮೇಶನ ಮುಖ ಸಪ್ಪಗಾಯಿತು.

"ಆಯಿ, ಇದರಾಗ ಏನೂ ಇರಂಗಿಲ್ರಿ. ಮಷೀನ ಎಲ್ಲಾ ತಗದಿರತೈತಿ."

"ಏನೂ ಇಲ್ಲಾಂದ್ರ ಸೋಸಿದ್ರ ಏನ ಹೋಗತೈತೊ ತಮ್ಮಾ?"

ಉಮೇಶ ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟ. ಅವಳ ಮಾತಿಗೆ ಉತ್ತರ ಇದನ್ನು ಬರೆಯುತ್ತಿರುವ ನನಗೂ ಸಿಕ್ಕಿಲ್ಲ.

ಹಾಗೆಂದು ಜಿನ್ನವ್ವ ಸಾಧ್ವಿಯೇನೂ ಅಲ್ಲ. ಅರವತ್ತೆಂಟರ ಈ ವಯಸ್ಸಿನಲ್ಲೂ ನಾಲಿಗೆ ಖಾರ. ಸೊಸೆ ನಂದಾ ಬಿ.ಎಸ್ಸಿ. ಓದಿದವಳು ಎಂಬುದನ್ನು ವಾರಕ್ಕೆರಡು ಸಲ ಎತ್ತಿ ಆಡದಿದ್ದರೆ ಅವಳಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಆದರೆ ಇರುವೆ ಸಾಲಿನ ಮೇಲೆ ಕಾಲಿಟ್ಟವಳಲ್ಲ. ಸೊಳ್ಳೆ ಕಚ್ಚಿದರೆ ಊದಿ ಕಳಿಸುತ್ತಾಳೆ. ಕೊಂದೆ ಎಂಬ ಮಾತು ತನ್ನ ಬದುಕಿನಲ್ಲಿ ಬಾರದೆ ಹೋದರೆ ಸಾಕು ಎನ್ನುವುದೊಂದೇ ಅವಳ ಹಟ.

ಇಂಥವಳ ಮೊಮ್ಮಗಳು ಪ್ರಣಿತಾಳಿಗೆ ನಾಲ್ಕು ತುಂಬುವ ಹೊತ್ತಿಗೆ ಜ್ವರ ಬಂತು. ಬಂತು, ಹೋಯಿತು, ಮತ್ತೆ ಬಂತು. ಮೂತ್ರದ ಸೋಂಕು ಎಂದು ಔಷಧ ಕೊಟ್ಟರು, ಇಳಿಯಿತು, ಹದಿನೈದು ದಿನಕ್ಕೆ ಮತ್ತೆ ಮೈ ಸುಡತೊಡಗಿತು. ಇನ್ನೂ ಜೋರಿನ ಔಷಧ ಕೊಟ್ಟರು. ಹೀಗೆ ನಾಲ್ಕೈದು ಸಲವಾದ ಮೇಲೆ ಗೋಕಾಕದ ಮಕ್ಕಳ ಡಾಕ್ಟರು ಶಿವಾನಿ ಅವರು ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಎಡಗಡೆಯ ಕಿಡ್ನಿ ಊದಿತ್ತು, ಒಳಗೆ ಉಂಡೆ ಉಂಡೆಯಾಗಿ ಏನೋ ಕೂತಿತ್ತು. ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಒಯ್ದರು. ಬೆನ್ನಿನಿಂದ ಒಂದು ನಳಿಕೆ ಹಾಕಿ, ನಿಂತ ಮೂತ್ರ ಹೊರಗೆ ತೆಗೆದು, ಅದನ್ನು ಪರೀಕ್ಷೆ ಮಾಡಿ ಹೇಳಿದರು: ಫಂಗಸ್.

ಮೂರು ವಾರ ಅಲ್ಲಿಟ್ಟುಕೊಂಡು, ನಳಿಕೆ ತೆಗೆದು, ಮುಂದೆ ಗೋಕಾಕದಲ್ಲೇ ತೋರಿಸಿಕೊಳ್ಳಿ ಎಂದು ಕಳಿಸಿದರು. ಮೊದಲ ಸಲ ತೋರಿಸಲು ಹೋದಾಗ ಜಿನ್ನವ್ವನೂ ಹೊರಟಳು. ಬೆಳಗಾವಿಯಲ್ಲಿ ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ.

"ಫಂಗಸ್ ಅಂದ್ರ ಬೂಷ್ಟಲ್ರಿ ಬಾಯಾರ? ಉಪ್ಪಿನಕಾಯಿ ಮ್ಯಾಲ ಬರತೈತಲ್ಲ, ಅದ?"

"ಅದರ ಜಾತೀದ ಆಯಿ," ಎಂದರು ಶಿವಾನಿ. "ಎಲ್ಲಾರ ಮೈಯಾಗೂ ಸ್ವಲ್ಪ ಇರತೈತಿ, ಸುಮ್ನಿರತೈತಿ. ಈ ಕೂಸಿಗೆ ಕಿಡ್ನಿಯಿಂದ ಕೆಳಗ ಬರೋ ದಾರಿ ಹುಟ್ಟಿನಿಂದನ ಇಕ್ಕಟ್ಟ ಐತಿ. ಮೂತ್ರ ಅಲ್ಲೇ ನಿಂತು ಮ್ಯಾಲಿಂದ ಮ್ಯಾಲೆ ಸೋಂಕಾತು. ನಾವೂ ಮ್ಯಾಲಿಂದ ಮ್ಯಾಲೆ ಜೋರ ಔಷಧ ಕೊಡಬೇಕಾತು. ಅದಕ್ಕ ಬ್ಯಾರೆ ಕ್ರಿಮಿ ಎಲ್ಲಾ ಸತ್ತು ಜಾಗಾ ಖಾಲಿ ಆತು. ಇದು ಬಂದು ಕುಂತೈತಿ. ಮಕ್ಕಳಿಗೆ ಹಿಂಗ ಆಗೂದು ಭಾಳ ಅಪರೂಪ. ನಾ ಹತ್ತು ವರ್ಷದಾಗ ಇದನ್ನ ಇನ್ನೊಂದ ಸಲ ಅಷ್ಟ ನೋಡೇನಿ."

ಮುಂದಿನದನ್ನೂ ಹೇಳಿದರು. ಮಗುವಿಗೆ ಆ ಇಕ್ಕಟ್ಟಿನ ದಾರಿಯನ್ನು ಸರಿಪಡಿಸುವ ಆಪರೇಷನ್ ಆಗಬೇಕು. ಆದರೆ ಫಂಗಸ್ ಪೂರಾ ಹೋಗುವ ಮುಂಚೆ ಮುಟ್ಟಿದರೆ ಅದು ರಕ್ತಕ್ಕೆ ಸೇರಬಹುದು, ಕಿಡ್ನಿಯೇನು, ಕೂಸೇ ಕೈತಪ್ಪಬಹುದು. ಹಾಗೆಂದು ಆ ಔಷಧವನ್ನು ಸುಮ್ಮನೆ ಕೊಡುತ್ತಲೂ ಇರುವ ಹಾಗಿಲ್ಲ. ಕುಡಿದ ದಿನದಿಂದ ಪ್ರಣಿತಾ ಉಂಡದ್ದನ್ನೆಲ್ಲ ಕಾರುತ್ತಿದ್ದಾಳೆ, ಅವಳ ಲಿವರಿಗೂ ಅದು ಭಾರ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ಮೂತ್ರ ಪರೀಕ್ಷೆ. ಅದು ಚೊಕ್ಕವಾಗಿ ಬಂದ ದಿನ ಔಷಧ ನಿಲ್ಲಿಸಿ ಆಪರೇಷನ್ನಿಗೆ ದಿನ ಗೊತ್ತು ಮಾಡುವುದು.

ಚೊಕ್ಕವಾಗಿ ಬರಬೇಕು ಎಂಬ ಮಾತು ಜಿನ್ನವ್ವನಿಗೆ ಚೆನ್ನಾಗಿ ತಿಳಿಯಿತು. ಉಳಿದದ್ದೊಂದೂ ತಿಳಿಯಲಿಲ್ಲ. ಐವತ್ತು ವರ್ಷ ಹನಿ ನೀರೂ ಸೋಸದೆ ಕೊಡದ ಮನೆಯಲ್ಲಿ, ಅದೂ ಮಗುವಿನ ಹೊಟ್ಟೆಯೊಳಗೆ ಬೂಷ್ಟು ಬಂದದ್ದು ಹೇಗೆ? ಮನೆಗೆ ಬಂದವಳೇ ಉಪ್ಪಿನಕಾಯಿಯ ಭರಣಿಗಳನ್ನೆಲ್ಲ ಅಂಗಳಕ್ಕೆ ತಂದು ಇಣುಕಿ ನೋಡಿದಳು. ಯಾವುದರಲ್ಲೂ ಇರಲಿಲ್ಲ. ಬೂಷ್ಟಿಗೂ ಜೀವ ಉಂಟಲ್ಲ, ಅದನ್ನು ಕೊಲ್ಲುವ ಔಷಧ ಕೂಸಿಗೆ ಕುಡಿಸಿದರೆ ಪಾಪ ಯಾರಿಗೆ ಎಂದು ಬಸದಿಯ ಅರ್ಚಕ ಉಪಾಧ್ಯೆಯವರನ್ನು ಕೇಳಿದಳು. ಅವರು ಮೊದಲು ದೋಷವಿಲ್ಲ ಎಂದರು, ಆಮೇಲೆ ಸ್ವಲ್ಪ ಇದೆ ಎಂದರು, ಕೊನೆಗೆ ಕೂಸು ಆರಾಮಾಗಲಿ ಆಮೇಲೆ ನೋಡೋಣ ಎಂದು ಒಳಗೆ ಹೋದರು. ಕೇಳುವ ಮುಂಚೆ ಅವಳಿಗೆ ಒಂದೇ ಗೊಂದಲವಿತ್ತು, ಈಗ ಮೂರಾದವು.

ಮೊದಲ ಎರಡು ಪರೀಕ್ಷೆಗೆ ಮೂತ್ರ ಹಿಡಿದುಕೊಟ್ಟವಳು ನಂದಾ. ಎರಡೂ ಸಲ ಫಂಗಸ್ ಇದೆ ಎಂದೇ ಬಂತು. ಮೂರನೆಯದು ಬರುವ ಹೊತ್ತಿಗೆ, ಹುಕ್ಕೇರಿಯಲ್ಲಿ ನಂದಾಳ ತಾಯಿ ಜಾರಿಬಿದ್ದು ಕೈ ಮುರಿದುಕೊಂಡರು. ನಂದಾಳ ತವರೂ ಹುಕ್ಕೇರಿಯೇ. ಅತ್ತೆ ಸೊಸೆ ಇಬ್ಬರೂ ಒಂದೇ ಊರಿನ ನೀರು ಕುಡಿದವರು. ಅವಳು ಎರಡು ದಿನದ ಮಟ್ಟಿಗೆ ಅಲ್ಲಿಗೆ ಹೋದಳು, ಪರೀಕ್ಷೆಯ ದಿನ ಅಲ್ಲಿಂದಲೇ ನೇರ ಗೋಕಾಕಕ್ಕೆ ಬರುತ್ತೇನೆ ಎಂದಳು. ಕುಂಥುನಾಥನ ಹೊಲದಲ್ಲಿ ಕಬ್ಬು ಕಡಿಯುವ ಗ್ಯಾಂಗು ಇಳಿದಿತ್ತು. ಉಳಿದವಳು ಜಿನ್ನವ್ವ.

ಆ ದಿನ ಬೆಳಿಗ್ಗೆ ನಂದಾ ಫೋನಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದಳು. "ಅತ್ತಿ, ಎದ್ದಕೂಡ್ಲೆ ಹೋಗೂದನ್ನ ಹಿಡೀಬೇಕ್ರಿ. ಡಬ್ಬಿ ಒಳಗ ಬೆರಳ ಹಚ್ಚಬ್ಯಾಡ್ರಿ. ಮೊದಲಿನ ಸ್ವಲ್ಪ ಬಿಟ್ಟು ನಡುವಿಂದ ಹಿಡೀರಿ. ಮುಚ್ಚಳ ಗಟ್ಟಿ ಹಾಕ್ರಿ."

ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಸೋಸಬೇಡಿರಿ ಎಂದು ಹೇಳಲಿಲ್ಲ. ಹೇಳಬೇಕೆಂದು ಯಾರಿಗಾದರೂ ಹೊಳೆಯುವ ಮಾತೇ ಅದು?

ಡಬ್ಬಿ ಬಹಳ ಸಣ್ಣದೆನಿಸಿ, ಚೆಲ್ಲೀತೆಂದು ಜಿನ್ನವ್ವ ಮೊದಲು ಒಂದು ತೊಳೆದ ಸ್ಟೀಲಿನ ವಾಟಿಯಲ್ಲಿ ಹಿಡಿದಳು. ಬಗ್ಗಿ ನೋಡಿದಳು. ಮೂತ್ರದಲ್ಲಿ ಬಿಳಿಯ ಚೂರುಗಳು ತೇಲುತ್ತಿದ್ದವು. ಒಡೆದ ಹಾಲಿನ ಚೂರಿನ ಹಾಗೆ, ಆದರೆ ಎಳೆ ಎಳೆಯಾಗಿ. ಅವಳಿಗೆ ಒಮ್ಮೆಲೇ ನಾಚಿಕೆಯಾಯಿತು. ಇಂಥದ್ದನ್ನು ಪರರ ಕೈಗೆ ಹೇಗೆ ಕೊಡುವುದು? ಚೊಕ್ಕ ಇರಬೇಕು ಎಂದಲ್ಲವೇ ಡಾಕ್ಟರು ಹೇಳಿದ್ದು? ಆಮೇಲಿನದು ಯೋಚನೆ ಮಾಡಿ ಮಾಡಿದ್ದಲ್ಲ. ಕೈ ತಾನೇ ಗೂಟಕ್ಕೆ ಹೋಯಿತು, ಒಗೆದು ಒಣಗಿದ ಅರಿವಿಯನ್ನು ತೆಗೆಯಿತು, ಎರಡು ಮಡಿಕೆ ಮಾಡಿ ಡಬ್ಬಿಯ ಬಾಯಿಗೆ ಹಾಕಿತು. ಕೆಳಗಿಳಿದದ್ದು ಬಂಗಾರದ ಬಣ್ಣದ ತಿಳಿ. ನೋಡಿ ಅವಳಿಗೆ ಸಮಾಧಾನವಾಯಿತು.

ಅರಿವಿಯ ಮೇಲೆ ನಿಂತದ್ದನ್ನು ರೂಢಿಯಂತೆ ಎಣಿಸಿದಳು. ಏಳು. ಈಗ ಇವನ್ನು ಎಲ್ಲಿಂದ ಬಂದವೋ ಅಲ್ಲಿಗೆ ಬಿಡಬೇಕು. ಆದರೆ ಬಂದದ್ದು ಮೊಮ್ಮಗಳ ಒಡಲಿನಿಂದ! ಅರಿವಿ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ಬಾವಿಗೆ ಬಿಡಲು ಮನಸ್ಸಾಗಲಿಲ್ಲ, ಬಚ್ಚಲಿಗೆ ಚೆಲ್ಲಲು ಕೈ ಬರಲಿಲ್ಲ. ಕೊನೆಗೆ ಹಿತ್ತಲ ನುಗ್ಗೆಗಿಡದ ಬುಡದ ತಂಪು ಮಣ್ಣಿನ ಮೇಲೆ ಜಾಲಿಸಿ ಬಂದಳು.

ಕುಂಥುನಾಥ ಇಬ್ಬರನ್ನೂ ಬೈಕಿನ ಮೇಲೆ ಗೋಕಾಕಕ್ಕೆ ತಂದು, ಡಬ್ಬಿಯನ್ನು ದವಾಖಾನೆಯ ಲ್ಯಾಬಿಗೆ ಕೊಟ್ಟು, ಹೊಲಕ್ಕೆ ಮರಳಿದ. ಹನ್ನೊಂದಕ್ಕೆ ನಂದಾ ಹುಕ್ಕೇರಿಯ ಬಸ್ಸಿನಿಂದ ಇಳಿದು ಬಂದಳು. ಬಂದವಳೇ ಕೇಳಿದಳು. "ಚೂರು ಕಂಡಿದ್ವೇನ್ರಿ ಅತ್ತಿ?"

"ಡಬ್ಬ್ಯಾಗ ಒಂದೂ ಇರಲಿಲ್ಲವಾ," ಎಂದಳು ಜಿನ್ನವ್ವ. ಸುಳ್ಳಾಡಿದಳು ಎನ್ನುವ ಹಾಗಿಲ್ಲ.

ಸ್ವಲ್ಪ ಹೊತ್ತಿಗೆ ಶಿವಾನಿ ಅವರು ಒಳಗೆ ಕರೆದರು. ಅವರ ಮುಖ ಅರಳಿತ್ತು. "ನಂದಾ, ಈ ಸಲ ಲ್ಯಾಬಿನವರಿಗೆ ಏನೂ ಕಂಡಿಲ್ಲ. ಜ್ವರಾನೂ ಇಲ್ಲ. ಬೆಳಗಾವಿ ಡಾಕ್ಟರಿಗೆ ಫೋನ್ ಮಾಡಿದ್ದೆ. ಚೂರು ಹೋಗೂದೂ ನಿಂತಿದ್ರ ಇವತ್ತಿಂದ ಔಷಧ ನಿಲ್ಲಸ್ರಿ, ಮುಂದಿನ ವಾರ ಆಪರೇಷನ್ನಿಗೆ ಕಳಸ್ರಿ ಅಂದ್ರು. ಚೂರು ಕಂಡಿಲ್ಲ ಹೌದಿಲ್ಲೊ?"

"ಒಂದೂ ಇಲ್ಲಂತ್ರಿ ಮೇಡಮ್," ಎಂದಳು ನಂದಾ. ನಗುತ್ತಿದ್ದಂತೆಯೇ ಅವಳ ಕಣ್ಣು ತುಂಬಿ ಬಂದಿತ್ತು. ಮೂರು ತಿಂಗಳಲ್ಲಿ ಸೊಸೆ ನಕ್ಕದ್ದನ್ನು ಜಿನ್ನವ್ವ ನೋಡಿದ್ದು ಅಂದೇ.

"ಆ ಚೂರಿನದ ನನಗ ಅಂಜಿಕಿ ಇತ್ತು," ಎಂದು ಡಾಕ್ಟರು ಚೀಟಿಯನ್ನು ಎಳೆದುಕೊಂಡರು. "ನಾವು ಹುಡುಕೂದು ಅದನ್ನ. ಬೂಷ್ಟೆಲ್ಲಾ ಆ ಚೂರಿನಾಗ ಗಂಟ ಕಟ್ಟಿರತೈತಿ."

ಜಿನ್ನವ್ವನ ಕಿವಿ ಗುಂಯ್ ಎಂದಿತು. ಹುಡುಕುವುದು ಅದನ್ನೇ? ಹಾಗಾದರೆ ತಾನು ಕೊಟ್ಟದ್ದು ಏನು, ನುಗ್ಗೆಗಿಡದ ಬುಡಕ್ಕೆ ಬಿಟ್ಟದ್ದು ಏನು? ಇಷ್ಟು ವರ್ಷ ಅರಿವಿಯ ಕೆಳಗೆ ಇಳಿದದ್ದೇ ನಿಜ, ಮೇಲೆ ನಿಂತದ್ದು ನಮ್ಮದಲ್ಲ ಎಂದು ಬದುಕಿದವಳು ಅವಳು. ಈಗ ಈ ಹುಡುಗಿ ಡಾಕ್ಟರು ಮೇಲೆ ನಿಂತದ್ದೇ ನಿಜ ಎನ್ನುತ್ತಿದ್ದಾಳೆ. ಬಹುಶಃ ಅವು ಅರಿವಿಯ ನೂಲೇ ಇದ್ದಾವು. ಅಲ್ಲ, ಅರಿವಿಗೆ ಹಾಕುವ ಮುಂಚೆಯೇ ವಾಟಿಯಲ್ಲಿ ತೇಲುತ್ತಿದ್ದವಲ್ಲ. ಹೇಳಿದರೆ ಸೊಸೆಯ ನಗು ಹೋಗುತ್ತದೆ, ಕೂಸಿಗೆ ಮತ್ತೆ ವಾಂತಿಯ ಔಷಧ. ಹೇಳದಿದ್ದರೆ? ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಆ ಮಾತೊಂದು ಮಾತ್ರ ಈಗ ಅವಳಿಗೆ ಸರಿಯಾಗಿ ತಿಳಿಯಿತು.

"ಬಾಯಾರ, ಬರೀಬ್ಯಾಡ್ರಿ," ಎಂದಳು. "ನಾ ಸೋಸೇನ್ರಿ."

ಡಾಕ್ಟರು ತಲೆಯೆತ್ತಿದರು. "ಏನ ಸೋಸೀರಿ ಆಯಿ?"

"ಅದನ್ನರಿ. ಕೂಸಿಂದು. ಅರಿವ್ಯಾಗ ಸೋಸಿ ಡಬ್ಬಿಗೆ ಹಾಕೇನಿ. ಏಳು ಚೂರು ಇದ್ವು."

ಡಾಕ್ಟರು ನಗಬೇಕೋ ಬೈಯಬೇಕೋ ತಿಳಿಯದೆ ಪೆನ್ನಿನ ಟೋಪಿಯನ್ನು ಹಾಕಿದರು, ತೆಗೆದರು. ನಂದಾ ಅತ್ತೆಯ ಕಡೆಗೆ ತಿರುಗಿದಳು.

"ಉಚ್ಚೀನೂ ಸೋಸಿದ್ರಿ? ಅತ್ತಿ, ಉಚ್ಚೀನೂ ಬಿಡಲಿಲ್ಲೇನ್ರಿ ನೀವು? ನನ್ನ ಕೂಸಿನ ಜೀವಾ ಹೋಗತಿತ್ತಲ್ರಿ!"

ಅತ್ತೆಗೆ ತಿರುಗಿ ಮಾತಾಡಿದೆಯಾ ಎಂದು ಕೇಳುವ ನಾಲಿಗೆ ಅದು, ಅಂದು ಎಲ್ಲಿ ಅಡಗಿತ್ತೋ.

ಶಿವಾನಿ ಅವರು ಹೊಸ ಡಬ್ಬಿ ತರಿಸಿದರು. ಇಲ್ಲೇ ಇನ್ನೊಮ್ಮೆ ಹಿಡಿಯಿರಿ ಎಂದರು. ನಾಲ್ಕು ವರ್ಷದ ಕೂಸಿಗೆ ಹೇಳಿದ ಕೂಡಲೇ ಬರುವುದಾದರೂ ಹೇಗೆ? ದವಾಖಾನೆಯ ನೀರಿನ ಡಬರಿಯಿಂದ ನಂದಾ ಲೋಟದ ಮೇಲೆ ಲೋಟ ಕುಡಿಸಿದಳು. ಸೋಸದ ನೀರು. ಜಿನ್ನವ್ವ ನೋಡುತ್ತ ಕೂತಳು. ಅವಳ ತಲೆಯಲ್ಲಿ ಬೇರೆಯೇ ಪೇಚಾಟ ನಡೆದಿತ್ತು. ಮನಸ್ಸಿನಲ್ಲಿ ಪಂಚ ನಮಸ್ಕಾರ ಹೇಳುತ್ತಿದ್ದಳು, ಆದರೆ ಕೊನೆಗೆ ಬೇಡಿಕೊಳ್ಳುವುದು ಏನನ್ನು? ಚೂರು ಇರದಿರಲಿ ಎಂದೇ? ಇರದೆ ಹೋಗಿ, ಒಳಗೆ ಮಾತ್ರ ಅಡಗಿ ಕೂತಿದ್ದರೆ? ಇರಲಿ ಎಂದೇ? ಮೊಮ್ಮಗಳ ಒಡಲಲ್ಲಿ ಬೂಷ್ಟು ಇರಲಿ ಎಂದು ಯಾವ ಅಜ್ಜಿ ಬೇಡುತ್ತಾಳೆ? ಮಂತ್ರ ಮುಗಿಯುವುದು, ಬೇಡಿಕೆ ಬಾರದೆ ಮತ್ತೆ ಮೊದಲಿಂದ ಹೇಳುವುದು. ಹೀಗೇ ಒಂದು ತಾಸು ಹೋಯಿತು.

"ಆಯೀ, ಬಂತು," ಎಂದಳು ಪ್ರಣಿತಾ. ಅವಳಿಗೆ ಇಂಥ ಕೆಲಸಕ್ಕೆ ಅಜ್ಜಿಯೇ ಬೇಕು, ಅಮ್ಮ ನಡೆಯುವುದಿಲ್ಲ. ನಂದಾ ಒಂದು ಗಳಿಗೆ ಅತ್ತೆಯನ್ನು ನೋಡಿ, ಡಬ್ಬಿಯನ್ನು ಅವಳ ಕೈಗೆ ಕೊಟ್ಟು, ತಾನೂ ಬಾಗಿಲಲ್ಲೇ ನಿಂತಳು.

ಜಿನ್ನವ್ವ ನೇರ ಡಬ್ಬಿಯಲ್ಲೇ ಹಿಡಿದಳು. ಬೆಳಕಿಗೆ ಎತ್ತಿದಳು. ಎರಡು ಚೂರು ಸುತ್ತಿ ಸುತ್ತಿ ತಳಕ್ಕಿಳಿಯುತ್ತಿದ್ದವು, ಒಂದು ಮೇಲೆಯೇ ನಿಂತಿತ್ತು. ಅವಳ ಎದೆ ಧಸಕ್ಕೆಂದಿತು. ಜತೆಗೇ, ಹೇಳಿದ್ದು ಒಳ್ಳೆಯದಾಯಿತು ಎಂಬ ಉಸಿರೂ ಹೊರಬಿತ್ತು. ಎರಡರಲ್ಲಿ ಯಾವುದು ಮೊದಲು ಬಂದದ್ದು ಎಂದು ಕೇಳಿದರೆ ಅವಳಿಗೆ ಈಗಲೂ ಹೇಳಲಾಗುವುದಿಲ್ಲ.

ಲ್ಯಾಬಿನವರು ನೋಡಿ ಬರೆದುಕೊಟ್ಟರು: ಫಂಗಸ್ ಇದೆ. ಔಷಧ ನಿಲ್ಲಲಿಲ್ಲ. ಆಪರೇಷನ್ ಮುಂದಕ್ಕೆ ಹೋಯಿತು. ಬೆಳಗಾವಿಗೆ ಮತ್ತೊಮ್ಮೆ ಹೋಗಿ ಸ್ಕ್ಯಾನ್ ಮಾಡಿಸಬೇಕಾಯಿತು. ಶಿವಾನಿ ಅವರು ಹೊಸ ಚೀಟಿ ಬರೆಯುತ್ತ ಜಿನ್ನವ್ವನನ್ನು ಕೇಳಿದರು.

"ಆಯಿ, ಬೆಳಿಗ್ಗೆ ಏಳು ಅಂದ್ರಿ. ಖರೆ ಎಣಿಸಿದ್ರೇನ?"

"ಎಣಿಸಲಾರದ ಹೆಂಗ್ರಿ? ಎಷ್ಟು ಜೀವಾ ನಿಂತಾವು ಅಂತ ನೋಡಿನ ಬಿಡೂದ್ರಿ ನಾವು. ನಾಕು ಸಣ್ಣುವು, ಮೂರು ದೊಡ್ಡುವು. ಒಂದು ಸಬ್ಬಕ್ಕಿಯಷ್ಟ ಇತ್ತು."

ಡಾಕ್ಟರು ಅದನ್ನೂ ಬರೆದುಕೊಂಡರು. ಆಮೇಲೆ ಸ್ವಲ್ಪ ಯೋಚಿಸಿ ಹೇಳಿದರು. "ಹಂಗಾರ ಒಂದ ಕೆಲಸ ಮಾಡ್ರಿ. ಲ್ಯಾಬಿಗೆ ಕೊಡೂದನ್ನ ಮುಟ್ಟಬ್ಯಾಡ್ರಿ. ಉಳಿದದ್ದು ದಿನಾ ಇಡೀ ಹೋಗತೈತಲ್ಲ, ಅದನ್ನ ಸೋಸ್ರಿ. ಎಷ್ಟು ಬಂದುವು, ಎಷ್ಟು ದೊಡ್ಡುವು, ನಂದಾ ಬರದಿಡಲಿ. ಕಡಿಮಿ ಆಗಾಕತ್ತಾವೋ ಇಲ್ಲೋ ನಮಗ ತಿಳೀತೈತಿ. ಆದ್ರ ಒಂದ ಮಾತು. ಎಣಿಸಿದ ಮ್ಯಾಲ ಎಲ್ಲೂ ಬಿಡಂಗಿಲ್ಲ. ಬ್ಲೀಚಿಂಗ್ ಪೌಡರಿನ ನೀರ ಹಾಕಿ ಸಾಯಿಸಬೇಕು."

ಸಾಯಿಸಬೇಕು ಎಂದಾಗ ಜಿನ್ನವ್ವ ಬಗ್ಗಿ ಮೊಮ್ಮಗಳ ಕಾಲಿಗೆ ಚಪ್ಪಲಿ ಹಾಕತೊಡಗಿದಳು. ಮೂಡಲಗಿಯ ಬಸ್ಸಿನಲ್ಲಿ ನಂದಾ ಕಿಟಕಿಯ ಹೊರಗೆ ನೋಡುತ್ತ ಕೂತಳು. ಮಗು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಯಿತು.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಜಿನ್ನವ್ವ ಹಳೆಯ ಅರಿವಿಯೊಂದನ್ನು ಬೇಸಿನ್ನಿನ ಮೇಲೆ ಹಾಸಿ ಸೋಸಿದಳು. ನಂದಾ ನೋಟ್‌ಬುಕ್ಕು ಹಿಡಿದು ಪಕ್ಕದಲ್ಲಿ ಕೂತಿದ್ದಳು.

"ಐದು," ಎಂದಳು ಜಿನ್ನವ್ವ. "ಎರಡು ದೊಡ್ಡುವು."

ನಂದಾ ಬರೆದುಕೊಂಡಳು. ಬ್ಲೀಚಿಂಗ್ ಪೌಡರಿನ ನೀರು ಮಗ್ಗಿನಲ್ಲಿ ಕಲಸಿ ಇಟ್ಟಿತ್ತು, ಅದರ ಘಾಟು ಹಿತ್ತಲಿಗೆಲ್ಲ ಹರಡಿತ್ತು. ಅತ್ತೆಯ ಕೈ ಅತ್ತ ಹೋಗದಿರುವುದನ್ನು ನೋಡಿ ನಂದಾ ಎದ್ದಳು. ನಿನ್ನೆಯ ಸಿಟ್ಟು ಪೂರ್ತಿ ಹೋಗಿರಲಿಲ್ಲ, ಆದರೆ ದನಿ ತಗ್ಗಿತ್ತು.

"ಬಿಡ್ರಿ ಅತ್ತಿ. ನಾ ಹಾಕತೇನಿ. ನಿಮಗ ಬ್ಯಾಡ."

ಒಳಗೆ ಪ್ರಣಿತಾ ಔಷಧ ಕಾರಿಕೊಳ್ಳುವ ಸದ್ದು ಕೇಳಿತು. "ನೀ ಅಕೀನ ನೋಡ ಹೋಗು," ಎಂದಳು ಜಿನ್ನವ್ವ. ನಂದಾ ಒಳಗೆ ಓಡಿದಳು.

ಜಿನ್ನವ್ವ ಮಗ್ಗು ತೆಗೆದುಕೊಂಡಳು. ಅರಿವಿಯ ಮೇಲಿನ ಐದನ್ನು ಇನ್ನೊಮ್ಮೆ ನೋಡಿದಳು. ಇವೂ ಜೀವ, ಒಳಗಿನ ಕೂಸೂ ಜೀವ. ಇದು ತಪ್ಪೋ ಒಪ್ಪೋ ಎಂದು ಹೇಳಲು ಉಪಾಧ್ಯೆಯವರಿಗೂ ಆಗಿರಲಿಲ್ಲ, ಅವಳಿಗೂ ಆಗಲಿಲ್ಲ. ಪರ್ಯೂಷಣ ಪರ್ವ ಮುಗಿದಾಗ ಮನೆ ಮನೆಗೆ ಹೋಗಿ ಕ್ಷಮೆ ಬೇಡುವ ಹಾಗೆ, "ಉತ್ತಮ ಕ್ಷಮಾ" ಎಂದಳು. ಕಣ್ಣು ಮುಚ್ಚಲಿಲ್ಲ. ಸುರಿದಳು.